ಆಳು ಗಿಡ್ಡನೋ, ಸೈಕಲ್ಲು ಎತ್ತರವೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರು, ಬೆಂಡು-ಬೆತ್ತಾಸು, ಬಯಲಾಟಗಳಿಗೇ ಮುಗಿಯುವುದಿಲ್ಲ. ಎತ್ತಿನ ಗಾಡಿಯ ಶರ್ಯತ್ತು, ಭಾರ ಎತ್ತುವ ಪಂದ್ಯ, ಜಂಗೀ ಕುಸ್ತಿ ಇವುಗಳ ಸಾಲಿನಲ್ಲಿಯೇ ಸೈಕಲ್ ಶರ್ಯತ್ತೂ ಒಂದು ಸ್ಥಾನವನ್ನು ಪಡೆದುಕೊಂಡಿದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕಕ್ಕೆ ಒಬ್ಬರ ಹಿಂದೊಬ್ಬರಂತೆ ಸೈಕಲ್ ಪಟುಗಳನ್ನು ಕೊಡುತ್ತ ಬಂದಿವೆ. ಅದಕ್ಕೆ ಇಂತಹ ಹಳ್ಳಿಯ ಶರ್ಯತ್ತುಗಳೂ ವಿಜಯಪುರದ ಕ್ರೀಡಾ ವಸತಿನಿಲಯದಂತಹ ಸಂಸ್ಥೆಗಳೂ ಕೂಡಿಯೇ ಕಾರಣವೆನ್ನಬೇಕು.

ಶರ್ಯತ್ತಿಗೆ ನಿಂತ ಹುಡುಗರನ್ನು ಕಂಡೊಡನೆ ನೆರೆದ ಜನ ತೀರ್ಪು ಕೊಟ್ಟುಬಿಡುತ್ತಾರೆ. “ಕಾಕಾ, ಈ ಸಲ ಯಾರು ಮುಂದ ಬರ್ತಾರ ಅಂತೀರಿ?” ಎಂದು ಹುಡುಗನೊಬ್ಬ ಕೇಳಿದರೆ, “ಅದೇನ ಕೇಳ್ತೀಯೋ ತಮ್ಮಾ, ಆ ಉದ್ದಾನ ಹುಡುಗನ್ನ ನೋಡು. ಅವನ ಕಾಲ ನೋಡು. ಆ ಗಿಡ್ಡ ಏನ ತುಳದಾನು?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೈಕಲ್ಲಿನ ಓಟವನ್ನು ಕಾಲಿನ ಉದ್ದದಿಂದ ಅಳೆಯುವ ಈ ರೂಢಿ ಜಾತ್ರೆಯ ಬಯಲಿಗಷ್ಟೇ ಸೀಮಿತವಲ್ಲ. ಪಟ್ಟಣದ ಮನೆಗಳಲ್ಲಿಯೂ ಮಗನೊಬ್ಬ ಗುಡ್ಡ ಹತ್ತುವ ಸೈಕಲ್ ಬೇಕೆಂದು ಹಟ ಹಿಡಿದರೆ, “ಮೊದಲು ಬೆಳಿ, ಆಮೇಲೆ ಗುಡ್ಡ ಹತ್ತುವಿಯಂತೆ” ಎನ್ನುವ ತಂದೆಯರಿಗೆ ಕೊರತೆಯಿಲ್ಲ. ಆ ಮಾತಿನಲ್ಲಿ ನಿಜವೆಷ್ಟು, ಅಭ್ಯಾಸಬಲವೆಷ್ಟು ಎಂಬುದನ್ನು ವಿವೇಚಿಸುವುದು ಅಗತ್ಯ. ಏಕೆಂದರೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಆಡಿದ ಇಂತಹ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಚಿಮ್ಮಡದಂತಹ ಊರಿನ ಹೊಲದ ದಾರಿಯನ್ನು ಕಂಡವರಿಗೆ ‘ಮೌಂಟನ್ ಬೈಕ್’ ಎಂಬ ಹೆಸರು ಹೊಸದಾದರೂ ಅದರ ಕೆಲಸ ಹೊಸದಲ್ಲ. ರಬಕವಿ-ಬನಹಟ್ಟಿ ತಾಲೂಕಿನ ಈ ಹಳ್ಳಿ ಕಿಚಡಿ ಜಾತ್ರೆಯಿಂದ ಸುತ್ತಲಿನ ಜನಕ್ಕೆ ಪರಿಚಿತವಾದುದು. ನೆಲ ಕಪ್ಪು ಎರೆ. ಬೆಳೆ ಕಬ್ಬು. ಮಳೆಗಾಲದಲ್ಲಿ ಎರೆಮಣ್ಣು ಟೈರಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಕಟ್ಟಿಹಾಕುತ್ತದೆ. ಮಳೆ ಹೋಗಿ ಬಿಸಿಲು ಬಿದ್ದಾಗ ಕಬ್ಬಿನ ಟ್ರ್ಯಾಕ್ಟರು ಕೊರೆದ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಜಮಖಂಡಿಯ ಕಡೆಗೆ ಹೋದರೆ ಕಲ್ಲುಗುಡ್ಡಗಳೂ ಸಿಗುತ್ತವೆ. ಹಾಲಿನ ಕ್ಯಾನನ್ನೋ ಮೇವಿನ ಹೊರೆಯನ್ನೋ ಹೇರಿಕೊಂಡು ಈ ಹಾದಿಯಲ್ಲಿ ಸೈಕಲ್ ತುಳಿಯುವವನು ಪದಕದ ಆಸೆಯಿಲ್ಲದೆಯೇ ಗುಡ್ಡದ ಸವಾರಿಯ ಅರ್ಧ ಪಾಠಗಳನ್ನು ಕಲಿತಿರುತ್ತಾನೆ.

ಈ ಕ್ರೀಡೆಯ ಹುಟ್ಟೂ ಹೀಗೆಯೇ ಹಳೆಯ, ಭಾರವಾದ, ಯಾರಿಗೂ ಬೇಡವಾದ ಸೈಕಲ್ಲುಗಳಿಂದ ಆಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೌಂಟ್ ಟ್ಯಾಮಲ್‌ಪೈಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು 1930-40ರ ಕಾಲದ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಹುಡುಕಿ ತಂದು, ಬೆಟ್ಟದ ಮಣ್ಣಿನ ಹಾದಿಯಲ್ಲಿ ಇಳಿಜಾರಿಗೆ ಬಿಡತೊಡಗಿದರು. 1976ರ ಅಕ್ಟೋಬರಿನಲ್ಲಿ ಆ ಸೀಮೆಯಲ್ಲಿ ಮೊದಲ ಪಂದ್ಯ ನಡೆಯಿತು. ಇಳಿಯುವಾಗ ಹಿಂಗಾಲಿಯ ಬ್ರೇಕು ಕಾದು ಒಳಗಿನ ಗ್ರೀಸು ಸುಟ್ಟುಹೋಗುತ್ತಿತ್ತು. ಪ್ರತಿ ಓಟದ ನಂತರ ಅದನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರೇ ಬಂದಿತು. ಜೋ ಬ್ರೀಜ್, ಟಾಮ್ ರಿಚಿ, ಗ್ಯಾರಿ ಫಿಶರ್ ಮೊದಲಾದವರು ಇದೇ ಕೆಲಸಕ್ಕೆಂದು ಹೊಸ ಚೌಕಟ್ಟುಗಳನ್ನು ಕಟ್ಟಿದರು. 1990ರಲ್ಲಿ ವಿಶ್ವ ಚಾಂಪಿಯನ್‌ಶಿಪ್, 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ ಪ್ರವೇಶ, ಹೀಗೆ ಗುಜರಿಯ ಸೈಕಲ್ಲು ಇಪ್ಪತ್ತು ವರ್ಷಗಳಲ್ಲಿ ಜಗತ್ತಿನ ಅಂಗಳಕ್ಕೆ ಬಂದಿತು. ನಮ್ಮ ನಾಡಿಗೂ ಆ ಗಾಳಿ ಬೀಸಿತು. ಬೆಂಗಳೂರಿನ ಕಿರಣ್ ಕುಮಾರ್ ರಾಜು ಅವರು ಈ ಕ್ರೀಡೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಎನಿಸಿಕೊಂಡರು.

ಇನ್ನು ಎತ್ತರದ ಮಾತು. ಗುಡ್ಡದ ಹಾದಿಯನ್ನು ಒಂದೇ ಹಾದಿಯೆಂದು ತಿಳಿದರೆ ಈ ಪ್ರಶ್ನೆಗೆ ಉತ್ತರ ದೊರೆಯದು. ಅದರಲ್ಲಿ ಏರಿಕೆಯಿದೆ, ಕಲ್ಲು-ಬೇರುಗಳ ನೆಲವಿದೆ, ಕಡಿದಾದ ಇಳಿಜಾರಿದೆ, ತಿರುವಿದೆ. ಒಂದೊಂದೂ ಸವಾರನ ದೇಹಕ್ಕೆ ಬೇರೆ ಬೇರೆ ಪ್ರಶ್ನೆಯನ್ನು ಹಾಕುತ್ತದೆ.

ಮೊದಲು ಏರಿಕೆ. ಅಂಗಾಂಗಗಳ ಪ್ರಮಾಣ ಒಂದೇ ಆಗಿರುವ ಇಬ್ಬರು ಸವಾರರನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಎತ್ತರ 150 ಸೆಂಟಿಮೀಟರ್, ಇನ್ನೊಬ್ಬನದು 180. ಎತ್ತರ 1.2 ಪಟ್ಟು ಹೆಚ್ಚಿದಾಗ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ ಅದರ ಎಳೆಯುವ ಬಲ, ಸುಮಾರು 1.44 ಪಟ್ಟಾಗುತ್ತದೆ. ದೇಹದ ತೂಕವಾದರೋ ಸುಮಾರು 1.73 ಪಟ್ಟಾಗುತ್ತದೆ. ಬಲ ಬೆಳೆಯುವುದಕ್ಕಿಂತ ಭಾರ ಬೇಗನೆ ಬೆಳೆಯುತ್ತದೆಂಬುದೇ ಇದರ ತಾತ್ಪರ್ಯ. ಇರುವೆ ತನ್ನ ತೂಕದ ಅನೇಕ ಪಟ್ಟು ಭಾರವನ್ನು ಹೊರಬಲ್ಲುದು, ಆನೆ ಹೊರಲಾರದು ಎಂಬ ಮಾತಿಗೂ ಇದೇ ಆಧಾರ. ನಿಜವಾದ ಮನುಷ್ಯರಲ್ಲಿ ಎತ್ತರದವರು ಕೊಂಚ ತೆಳುವಾಗಿರುವುದರಿಂದ ಅಂತರ ಇಷ್ಟು ತೀವ್ರವಲ್ಲ. ಆದರೂ ಉದ್ದನೆಯ ಏರಿಕೆಯಲ್ಲಿ ಸಣ್ಣ ಆಳುಗಳು ಮುಂದಾಗುವುದಕ್ಕೆ ಮೂಲಕಾರಣ ಇದು.

ಆದರೆ ಈ ಲಾಭದಿಂದ ಒಂದು ಸುಂಕ ಕಳೆಯಬೇಕಾಗುತ್ತದೆ. ದೇಹ ಸಣ್ಣದಾದರೂ ಸೈಕಲ್ಲು ಅದೇ ಪ್ರಮಾಣದಲ್ಲಿ ಸಣ್ಣದಾಗುವುದಿಲ್ಲ. 50 ಕಿಲೋ ತೂಕದವನೂ 80 ಕಿಲೋ ತೂಕದವನೂ 12 ಕಿಲೋದ ಸೈಕಲ್ಲನ್ನೇ ಏರಿಸಬೇಕೆಂದರೆ, ಮೊದಲನೆಯವನು ತನ್ನ ತೂಕದ ನೂರಕ್ಕೆ 24ರಷ್ಟು ಹೆಚ್ಚಿನ ಭಾರವನ್ನು ಸಾಗಿಸಿದಂತಾಯಿತು. ಎರಡನೆಯವನಿಗೆ ಅದು ನೂರಕ್ಕೆ 15 ಮಾತ್ರ. ಹಳೆಯ ಮಾದರಿಯ ಕರಿಯ ಸೈಕಲ್ಲು 20 ಕಿಲೋ ತೂಗಿದರೆ ಸಣ್ಣವನ ಸುಂಕ ನೂರಕ್ಕೆ 40ಕ್ಕೆ ಏರುತ್ತದೆ. ಏರಿಕೆಯಲ್ಲಿ ಹಿಂದೆ ಬಿದ್ದ ಗಿಡ್ಡ ಹುಡುಗನನ್ನು ಕಂಡು “ಇವನಲ್ಲಿ ಕಸುವಿಲ್ಲ” ಎನ್ನುವವರು ಅವನ ಕೆಳಗಿರುವ ಕಬ್ಬಿಣವನ್ನೂ ಒಮ್ಮೆ ತೂಗಿ ನೋಡಬೇಕು.

ಎರಡನೆಯದು ಕಲ್ಲು-ಬೇರುಗಳ ನೆಲ. ಇಲ್ಲಿ ಸವಾರನ ಎತ್ತರಕ್ಕಿಂತ ಗಾಲಿಯ ಎತ್ತರ ಮುಖ್ಯ. ಹತ್ತು ಸೆಂಟಿಮೀಟರ್ ಎತ್ತರದ ಕಲ್ಲೊಂದು ಅಡ್ಡ ಬಂದಿತೆನ್ನಿ. 26 ಇಂಚಿನ ಗಾಲಿ ಆ ಕಲ್ಲಿನ ಅಂಚನ್ನು ಸುಮಾರು 46 ಡಿಗ್ರಿಯ ಕೋನದಲ್ಲಿ ಸಂಧಿಸುತ್ತದೆ. 29 ಇಂಚಿನ ಗಾಲಿಗೆ ಆ ಕೋನ ಸುಮಾರು 43 ಡಿಗ್ರಿ. ಮೂರು ಡಿಗ್ರಿಯ ಅಂತರ ಅಲ್ಪವೆನಿಸಬಹುದು. ಒಂದು ಗಂಟೆಯ ಪಂದ್ಯದಲ್ಲಿ ಅಂತಹ ಸಾವಿರಾರು ಕಲ್ಲುಗಳನ್ನು ದಾಟಬೇಕಾದಾಗ ಅದು ಅಲ್ಪವಲ್ಲ. ದೊಡ್ಡ ಗಾಲಿ ಕಲ್ಲನ್ನು ಹತ್ತಿ ಹೋಗುವ ಕಡೆ ಸಣ್ಣ ಗಾಲಿ ಡಿಕ್ಕಿ ಹೊಡೆದು ಕುಗ್ಗುತ್ತದೆ.

ಹಾಗಾದರೆ ಎಲ್ಲರೂ ದೊಡ್ಡ ಗಾಲಿಯನ್ನೇ ಹಾಕಿಕೊಳ್ಳಬಾರದೇಕೆ? ಸಮಸ್ಯೆ ಹುಟ್ಟುವುದು ಇಲ್ಲಿಯೇ. ಗಾಲಿ ದೊಡ್ಡದಾದಂತೆ ಹ್ಯಾಂಡಲು ಮೇಲಕ್ಕೇರುತ್ತದೆ. ಗಿಡ್ಡ ಸವಾರನ ಚೌಕಟ್ಟು ಚಿಕ್ಕದಾದಷ್ಟೂ ಮುಂಗಾಲಿ ಪೆಡಲಿನ ಸಮೀಪಕ್ಕೆ ಬರುತ್ತದೆ. ತಿರುವಿನಲ್ಲಿ ಪಾದದ ತುದಿ ಟೈರಿಗೆ ತಗಲುತ್ತದೆ. ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸಿದರೆ ಹಿಂಗಾಲಿ ಸೊಂಟದ ಕೆಳಭಾಗಕ್ಕೆ ಉಜ್ಜುತ್ತದೆ. ಎತ್ತರದವನಿಗೆ ವರವಾದ ಗಾಲಿ ಗಿಡ್ಡನಿಗೆ ಹೀಗೆ ಕಂಟಕವಾಗಬಹುದು.

ಮೂರನೆಯದು ಇಳಿಜಾರು. ಸವಾರನ ಪ್ರಾಣಕ್ಕೂ ಇದಕ್ಕೂ ನೇರ ಸಂಬಂಧವಿರುವುದರಿಂದ ಇಲ್ಲಿ ಕೊಂಚ ನಿಲ್ಲಬೇಕು. ಮುಂಬ್ರೇಕನ್ನು ಬಲವಾಗಿ ಹಿಡಿದಾಗ ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಲೆಕ್ಕ ಸರಳವಾದುದು. ಸವಾರ ಮತ್ತು ಸೈಕಲ್ಲುಗಳ ಒಟ್ಟು ಭಾರಕೇಂದ್ರವು ಮುಂಗಾಲಿ ನೆಲ ಮುಟ್ಟುವ ಸ್ಥಳದಿಂದ ಎಷ್ಟು ಹಿಂದಿದೆಯೋ ಅದನ್ನು, ಭಾರಕೇಂದ್ರವು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಹಿಂಗಾಲಿ ನೆಲವನ್ನು ಬಿಡದಂತೆ ಎಷ್ಟು ಜೋರಾಗಿ ಬ್ರೇಕು ಹಾಕಬಹುದೆಂಬುದಕ್ಕೆ ಆ ಸಂಖ್ಯೆಯೇ ಮಿತಿ.

ಎತ್ತರದ ಸವಾರನೊಬ್ಬನಿಗೆ ಈ ಅಳತೆಗಳು 60 ಮತ್ತು 120 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಮಿತಿ 0.50. ಅದೇ ಸೈಕಲ್ಲಿನ ಮೇಲೆ ಕುಳಿತ ಗಿಡ್ಡ ಸವಾರನ ಭಾರಕೇಂದ್ರ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಮಿತಿ ಸುಮಾರು 0.55. ಗಿಡ್ಡನಿಗೆ ಇಷ್ಟು ಲಾಭ. ಐದು ಅಡಿಗೆ ಒಂದಡಿ ಇಳಿಯುವ ಇಳಿಜಾರಿನಲ್ಲಿ ಎತ್ತರದವನ ಮಿತಿ 0.30ಕ್ಕಿಂತಲೂ ಕೊಂಚ ಕೆಳಗೆ ಕುಸಿಯುತ್ತದೆ. ಆ ಮಿತಿಯನ್ನು ಮೀರಿ ಬ್ರೇಕು ಹಿಡಿದರೆ ಆತ ಮುಗ್ಗರಿಸುತ್ತಾನೆ ಎಂದೇ ಹೇಳಬೇಕು.

ಈಗ ಅದೇ ಸವಾರ ಸೀಟನ್ನು ಇಳಿಸಿ, ಪೆಡಲುಗಳನ್ನು ಸಮನಾಗಿ ನಿಲ್ಲಿಸಿ, ಮೊಣಕಾಲು ಬಾಗಿಸಿ, ಮೈಯನ್ನು ಹದಿನೈದು ಸೆಂಟಿಮೀಟರ್ ಹಿಂದಕ್ಕೂ ಹತ್ತು ಸೆಂಟಿಮೀಟರ್ ಕೆಳಕ್ಕೂ ತಂದನೆನ್ನಿ. 75ನ್ನು 110ರಿಂದ ಭಾಗಿಸಿದರೆ 0.68. ಇಳಿಜಾರಿನಲ್ಲಿಯೂ ಅವನಿಗೆ ಸುಮಾರು 0.47 ಉಳಿಯುತ್ತದೆ. ಎತ್ತರದಿಂದ ಉಂಟಾದ ಅಂತರ 0.05 ಮಾತ್ರ; ಭಂಗಿಯಿಂದ ಗಳಿಸಿದ್ದು 0.18. ಹುಟ್ಟಿನಿಂದ ಬಂದುದಕ್ಕಿಂತ ಕಲಿಕೆಯಿಂದ ಬಂದುದು ಮೂರು ಪಟ್ಟಿಗೂ ಮೀರಿದುದು ಎಂಬುದನ್ನು ಈ ಚಿಕ್ಕ ಗಣಿತವೇ ಸಾರುತ್ತದೆ. ಉದ್ದ ಕೈಕಾಲುಗಳಿರುವವನು ಮೈಯನ್ನು ಹೆಚ್ಚು ದೂರ ಸರಿಸಬಲ್ಲನು. ಗಿಡ್ಡನು ಕಡಿಮೆ ಸರಿಸಿದರೂ ಸಾಕು. ಇಬ್ಬರಿಗೂ ಕಡ್ಡಾಯವಾದುದು ಸೀಟು ಕೆಳಗಿಳಿದು ಮೈಗೆ ಜಾಗ ದೊರೆಯುವುದು. ಈಗಿನ ಒಳ್ಳೆಯ ಮೌಂಟನ್ ಬೈಕುಗಳಲ್ಲಿ ಓಡುತ್ತಿರುವಾಗಲೇ ಗುಂಡಿಯೊತ್ತಿ ಸೀಟನ್ನು ಇಳಿಸುವ ಏರ್ಪಾಡು ಇರುವುದು ಈ ಕಾರಣಕ್ಕಾಗಿಯೇ.

ನಾಲ್ಕನೆಯದಾದ ತಿರುವಿನಲ್ಲಿ ಲೆಕ್ಕ ಮತ್ತೆ ಮಗ್ಗುಲು ಬದಲಿಸುತ್ತದೆ. ಎತ್ತರದವನ ಚೌಕಟ್ಟು ಉದ್ದ. ವೇಗದಲ್ಲಿ ಅದು ಸ್ಥಿರ. ಗಿಡ್ಡನ ಚೌಕಟ್ಟು ಚಿಕ್ಕದು. ಇಕ್ಕಟ್ಟಿನ ತಿರುವಿನಲ್ಲಿ ಅದು ಚುರುಕು. ಒಂದು ಕಡೆ ಕೊಟ್ಟುದನ್ನು ಬೆಟ್ಟವು ಇನ್ನೊಂದು ಕಡೆ ಕಸಿದುಕೊಳ್ಳುತ್ತದೆ.

ಈ ಕೊಡು-ಕೊಳ್ಳುವ ವ್ಯವಹಾರದ ಕೊನೆಯ ಬಾಕಿ ಎಷ್ಟು? ಅದನ್ನು ಜಗತ್ತಿನೆದುರು ಅಳೆದು ತೋರಿಸಿದ ಒಂದು ಪಂದ್ಯವಿದೆ. 2012ರ ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸಿನ ಪುರುಷರ ಮೌಂಟನ್ ಬೈಕ್ ಪಂದ್ಯ ನಡೆಯಿತು. ಕೊನೆಯ ಸುತ್ತಿನಲ್ಲಿ ಚಿನ್ನಕ್ಕಾಗಿ ಸೆಣಸಿದವರು ಇಬ್ಬರು. ಒಬ್ಬನು ಝೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ. ಎತ್ತರ 187 ಸೆಂಟಿಮೀಟರ್. ಗಾಲಿ 29 ಇಂಚಿನದು. ಇನ್ನೊಬ್ಬನು ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್. ಎತ್ತರ 173 ಸೆಂಟಿಮೀಟರ್. 29 ಇಂಚಿನ ಗಾಲಿ ತನ್ನ ಮೈಗೆ ಒಗ್ಗದೆಂದೂ 26 ಇಂಚಿನದು ಹಿಂದೆ ಬೀಳುತ್ತದೆಂದೂ ಕಂಡುಕೊಂಡು, ಆ ವರ್ಷ ಶುರ್ಟರ್ ನಡುವಣ 27.5 ಇಂಚಿನ ಗಾಲಿಯನ್ನು ಆಯ್ದುಕೊಂಡಿದ್ದನು. ಸುಮಾರು ಒಂದೂವರೆ ಗಂಟೆಯ ಹೋರಾಟದ ನಂತರ ಕುಲ್ಹಾವಿ ಗೆದ್ದನು. ಅಂತರ ಒಂದು ಸೆಕೆಂಡು! ಹದಿನಾಲ್ಕು ಸೆಂಟಿಮೀಟರ್ ಎತ್ತರದ ವ್ಯತ್ಯಾಸ, ಬೇರೆ ಬೇರೆ ಗಾಲಿ, ಬೇರೆ ಬೇರೆ ಚೌಕಟ್ಟು, ಕೊನೆಗೆ ಉಳಿದ ಬಾಕಿ ಒಂದು ಸೆಕೆಂಡು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೋತ ಶುರ್ಟರ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದನು, ಕುಲ್ಹಾವಿ ಎರಡನೆಯವನಾದನು. 2009ರಿಂದ 2022ರವರೆಗೆ ಶುರ್ಟರ್ ಹತ್ತು ಬಾರಿ ವಿಶ್ವ ಚಾಂಪಿಯನ್ ಆದನು. ಚೌಕಟ್ಟು ಮಾಡುವವರು ಹ್ಯಾಂಡಲನ್ನು ತಗ್ಗಿಸಿ, ಮುಂಭಾಗವನ್ನು ತಿದ್ದಿ, ದೊಡ್ಡ ಗಾಲಿಯನ್ನು ಗಿಡ್ಡ ಸವಾರರಿಗೂ ಒಗ್ಗಿಸಿದಾಗ ಅವನೂ 29 ಇಂಚಿಗೆ ಬಂದನು. ಅವನ ಎತ್ತರ ಬೆಳೆಯಲಿಲ್ಲ, ಸೈಕಲ್ಲು ಬದಲಾಯಿತು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಸುಮಾರು 170 ಸೆಂಟಿಮೀಟರ್ ಎತ್ತರದ ಹಗುರ ಆಳು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದು, 2024ರ ಪ್ಯಾರಿಸ್ಸಿನಲ್ಲಿ ನಡುಹಾದಿಯಲ್ಲಿ ಟೈರು ಪಂಕ್ಚರ್ ಆಗಿ ಹಿಂದೆ ಬಿದ್ದರೂ ಎಲ್ಲರನ್ನೂ ಹಿಂದಿಕ್ಕಿ ಮತ್ತೆ ಚಿನ್ನ ಗೆದ್ದನು. ಇತ್ತ ಬರಿಯ ಇಳಿಜಾರಿನ ಪಂದ್ಯದಲ್ಲಿ, ಆರಡಿ ಮೀರಿದ ದಕ್ಷಿಣ ಆಫ್ರಿಕದ ಗ್ರೆಗ್ ಮಿನಾರ್ 2003ರಿಂದ 2021ರ ನಡುವೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಎನಿಸಿದನು. ಬೆಟ್ಟ ಎತ್ತರದವರನ್ನೂ ಒಪ್ಪಿಕೊಂಡಿದೆ, ಗಿಡ್ಡರನ್ನೂ ಒಪ್ಪಿಕೊಂಡಿದೆ. ಅಳತೆ ತಪ್ಪಿದ ಸೈಕಲ್ಲನ್ನು ಮಾತ್ರ ಅದು ಒಪ್ಪಿದಂತಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಎಂದಳು” ಎಂಬ ಗಾದೆಯನ್ನು ಹಿರಿಯರು ಮಕ್ಕಳ ಮೇಲೆ ಪ್ರಯೋಗಿಸುವುದುಂಟು. ಸೈಕಲ್ಲಿನ ವಿಷಯದಲ್ಲಿ ಆ ಗಾದೆ ಅನೇಕ ಸಲ ತಲೆಕೆಳಗಾಗುತ್ತದೆ. ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ದೂರು ಮಾತ್ರ ಕುಣಿಯುವವಳ ಮೇಲೆ ಬೀಳುತ್ತದೆ.

ಕನ್ನಡ ನಾಡಿನ ಎಷ್ಟೋ ತಲೆಮಾರುಗಳು ಸೈಕಲ್ ಕಲಿತ ಬಗೆಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಮನೆಗೊಂದು ಸೈಕಲ್ಲು, ಅದೂ ತಂದೆಯದು. 22 ಇಂಚಿನ ಚೌಕಟ್ಟು, 28 ಇಂಚಿನ ಗಾಲಿ. ಅದರ ಮೇಲಿನ ಬಾರು ನೆಲದಿಂದ ಸುಮಾರು 32-33 ಇಂಚು ಎತ್ತರದಲ್ಲಿರುತ್ತದೆ. ನಾಲ್ಕು ಅಡಿ ಒಂಬತ್ತು ಇಂಚಿನ ಹುಡುಗನ ತೊಡೆಸಂದಿಯಿಂದ ನೆಲದವರೆಗಿನ ಉದ್ದ ಹೆಚ್ಚೆಂದರೆ 26 ಇಂಚು. ಆರು ಇಂಚು ಕಡಿಮೆ! ಆದರೂ ಹುಡುಗರು ಸೋಲಲಿಲ್ಲ. ಬಾರಿನ ಕೆಳಗೆ, ಚೌಕಟ್ಟಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು, ಇನ್ನೊಂದು ಕೈಯನ್ನು ಸೀಟಿಗೋ ಬಾರಿಗೋ ಅಪ್ಪಿಸಿ, ಸೈಕಲ್ಲನ್ನು ಒಂದು ಕಡೆಗೂ ಮೈಯನ್ನು ಇನ್ನೊಂದು ಕಡೆಗೂ ವಾಲಿಸಿ ತುಳಿದರು. ಭಾರಕೇಂದ್ರವನ್ನು ಗಾಲಿಯ ಗೆರೆಯ ಮೇಲೆಯೇ ನಿಲ್ಲಿಸುವ ಈ ವಿದ್ಯೆಯನ್ನು ಅವರಿಗೆ ಯಾವ ತರಬೇತುದಾರನೂ ಕಲಿಸಿರಲಿಲ್ಲ. ಮೊಣಕಾಲು ತರಚಿಕೊಂಡು ತಾವೇ ಕಲಿತರು. ಅದು ಸಮತೋಲದ ಮೇಲಿನ ಪ್ರಭುತ್ವವಲ್ಲದೆ ಮತ್ತೇನು? ಗಿಡ್ಡತನ ಸಾಮರ್ಥ್ಯಕ್ಕೆ ಅಡ್ಡಿಯಾಗಿದ್ದರೆ ಈ ನಾಡಿನಲ್ಲಿ ಒಂದು ಮಗುವೂ ಸೈಕಲ್ ಕಲಿಯುತ್ತಿರಲಿಲ್ಲ.

ಆದರೆ ಆ ಕೌಶಲವನ್ನು ಮೆಚ್ಚುವ ಭರದಲ್ಲಿ ಅದರ ಬೆಲೆಯನ್ನು ಮರೆಯಬಾರದು. ಹಾಗೆ ತುಳಿಯುವವನು ಸೀಟಿನ ಮೇಲೆ ಕೂರಲಾರ, ಏರಿಕೆಯಲ್ಲಿ ಪೂರ್ಣ ಸುತ್ತು ತುಳಿಯಲಾರ, ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಕೈ ಸಾಲದು, ಬೀಳುವಾಗ ಕಾಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಮತಟ್ಟಾದ ಬೀದಿಯಲ್ಲಿ ತರಚುಗಾಯದಿಂದ ಮುಗಿಯುವ ಆಟ ಗುಡ್ಡದ ಕಲ್ಲುಹಾದಿಯಲ್ಲಿ ಮೂಳೆ ಮುರಿತದಿಂದ ಮುಗಿಯುತ್ತದೆ.

ಹೆಣ್ಣುಮಕ್ಕಳ ಪಾಲಿಗೆ ಈ ಬೆಲೆ ಇನ್ನೂ ಹೆಚ್ಚಾಗಿತ್ತು. ಬಾರಿನ ಕೆಳಗೆ ಕಾಲು ತೂರಿಸಿ ಕಲಿಯುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಸೈಕಲ್ಲೇ ಅವರ ಪಾಲಿಗೆ ಬರುತ್ತಿರಲಿಲ್ಲ. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ, ಹಳ್ಳಿಯ ಹುಡುಗಿಯರು ಸಾಲುಸಾಲಾಗಿ ಸೈಕಲ್ ಏರಿ ಶಾಲೆಗೆ ಹೊರಟ ದೃಶ್ಯ ನಾಡಿನ ಚಿತ್ರವನ್ನೇ ಬದಲಿಸಿತು. ಆ ಯೋಜನೆ ಹಲವು ವರ್ಷ ನಡೆದು ಕೋವಿಡ್ ಕಾಲದಲ್ಲಿ ಸ್ಥಗಿತಗೊಂಡಿತು. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೂ ಹದಿಮೂರರ ವಯಸ್ಸಿನ ಒಂದೇ ತರಗತಿಯಲ್ಲಿ ನಾಲ್ಕೂವರೆ ಅಡಿಯ ಮಗುವೂ ಐದೂವರೆ ಅಡಿಯ ಮಗುವೂ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆಂಬುದು ಎಲ್ಲ ಶಿಕ್ಷಕರಿಗೂ ತಿಳಿದ ಸಂಗತಿ. ಸಮವಸ್ತ್ರವನ್ನು ಅಳತೆಗೆ ಹೊಲಿಸುವ ನಾವು ಸೈಕಲ್ಲಿನ ಅಳತೆಯನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ?

ವಯಸ್ಸಿನ ಈ ಮಾತು ಇನ್ನೊಂದು ಸತ್ಯವನ್ನೂ ಹೊರಗೆಡಹುತ್ತದೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ, ಗಂಡುಮಕ್ಕಳು ಹದಿನಾಲ್ಕರ ಸುಮಾರಿಗೆ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಕೆಲವರಲ್ಲಿ ಈ ಬೆಳವಣಿಗೆ ಒಂದೆರಡು ವರ್ಷ ಮೊದಲು, ಕೆಲವರಲ್ಲಿ ಒಂದೆರಡು ವರ್ಷ ತಡವಾಗಿ ಬರುತ್ತದೆ. ಹದಿಮೂರರ ಶರ್ಯತ್ತಿನಲ್ಲಿ ಮುಂದೆ ಬಂದ ಉದ್ದನೆಯ ಹುಡುಗನು ಗೆದ್ದದ್ದು ಕೆಲವೊಮ್ಮೆ ಕೌಶಲದಿಂದಲ್ಲ, ಮೊದಲೇ ಬಂದ ಬೆಳವಣಿಗೆಯಿಂದ. ಹಿಂದುಳಿದ ಗಿಡ್ಡ ಹುಡುಗನು ಹದಿನಾರರಲ್ಲಿ ಅವನ ಭುಜಕ್ಕೆ ಭುಜ ಕೊಟ್ಟು ನಿಲ್ಲಬಹುದು. ಆದರೆ “ಇದು ನಿನ್ನಿಂದಾಗದು” ಎಂಬ ಮಾತು ಕೇಳಿ ಹದಿಮೂರರಲ್ಲಿಯೇ ಸೈಕಲ್ಲನ್ನು ಮೂಲೆಗಿಟ್ಟಿದ್ದರೆ ಹದಿನಾರರಲ್ಲಿ ಅವನು ಶರ್ಯತ್ತಿನ ಗೆರೆಯ ಬಳಿಗೇ ಬರುವುದಿಲ್ಲ. ಜಾತ್ರೆಯ ಬಯಲಿನಲ್ಲಿ ಕೊಟ್ಟ ಅವಸರದ ತೀರ್ಪಿನ ನಿಜವಾದ ನಷ್ಟ ಇದೇ.

ತಂದೆ-ತಾಯಿಗಳು ಮಾಡುವ ಇನ್ನೊಂದು ಕಾರ್ಯ ಮಮತೆಯಿಂದಲೇ ಹುಟ್ಟಿದುದು. “ಬೆಳೆಯುವ ಹುಡುಗ, ನಾಲ್ಕು ವರ್ಷ ಬರಲಿ” ಎಂದು ಎರಡು ಅಳತೆ ದೊಡ್ಡದಾದ ಸೈಕಲ್ಲನ್ನೇ ಕೊಳ್ಳುವುದು. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಮಾತು ಸಂಸಾರದ ಖರ್ಚಿಗೆ ಸರಿ. ಸೈಕಲ್ಲಿನಲ್ಲಿ ಕಾಲು ಇದ್ದಷ್ಟೇ ಹಾಸಿಗೆ ಇರಬೇಕು. ಷರಟು ದೊಡ್ಡದಾದರೆ ತೋಳು ಮಡಿಸಿಕೊಳ್ಳಬಹುದು. ಸೈಕಲ್ಲು ದೊಡ್ಡದಾದರೆ ಮಡಿಸಿಕೊಳ್ಳಲು ಏನಿದೆ?

ಅಳತೆ ನೋಡುವುದು ಕಷ್ಟದ ಕೆಲಸವೇನೂ ಅಲ್ಲ. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತೊಡೆಸಂದಿಗೆ ಒಂದು ಪುಸ್ತಕವನ್ನು ಅಡ್ಡ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಅದನ್ನು 0.88ರಿಂದ ಗುಣಿಸಿದರೆ ಪೆಡಲು ತಿರುಗುವ ಕೇಂದ್ರದಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ ಸುಮಾರಾಗಿ ದೊರೆಯುತ್ತದೆ. ಅಳತೆ 70 ಸೆಂಟಿಮೀಟರ್ ಬಂದರೆ ಸೀಟು ಸುಮಾರು 62 ಸೆಂಟಿಮೀಟರಿನಲ್ಲಿರಬೇಕು. ಅಳತೆಪಟ್ಟಿ ಇಲ್ಲದಿದ್ದರೆ ಸೀಟಿನ ಮೇಲೆ ಕುಳಿತು, ಅತಿ ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿಯನ್ನು ಇಟ್ಟು ನೋಡುವುದು. ಸೊಂಟ ವಾಲದೆ ಕಾಲು ನೇರವಾದರೆ ಅಳತೆ ಸರಿ. ಇದು ಏರಿಕೆಗೆ ತಕ್ಕ ಅಳತೆ. ಕಡಿದಾದ ಇಳಿಜಾರಿಗೆ ಮುನ್ನ ಸೀಟನ್ನು ಎರಡು ಮೂರು ಇಂಚು ತಗ್ಗಿಸಿಕೊಳ್ಳಬೇಕು. ಇನ್ನೂ ಹೊಸದಾಗಿ ಕಲಿಯುವ ಮಗುವಿಗಾದರೆ ಎರಡೂ ಪಾದ ನೆಲ ಮುಟ್ಟುವಷ್ಟು ಸೀಟನ್ನು ಇಳಿಸಿಯೇ ಆರಂಭಿಸುವುದು ಕ್ಷೇಮ.

ಇನ್ನೊಂದು ಪರೀಕ್ಷೆ ಅಂಗಡಿಯಲ್ಲಿಯೇ ಆಗಬೇಕು. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ತೊಡೆಸಂದಿಗೂ ಬಾರಿಗೂ ನಡುವೆ ಕನಿಷ್ಠ ಎರಡು ಇಂಚು ಬಿಡುವಿರಬೇಕು. ಗುಡ್ಡದ ಹಾದಿಯಲ್ಲಿ ಥಟ್ಟನೆ ಕೆಳಗೆ ಕಾಲಿಡಬೇಕಾದಾಗ ಆ ಎರಡು ಇಂಚಿನ ಮಹತ್ವ ತಿಳಿಯುತ್ತದೆ. ಹ್ಯಾಂಡಲು ಹಿಡಿದಾಗ ಮೊಣಕೈ ಕೊಂಚ ಬಾಗಿರಬೇಕು. ಬೆರಳುಗಳು ಬ್ರೇಕನ್ನು ಸಲೀಸಾಗಿ ಮುಟ್ಟಬೇಕು. ಎಳೆಯ ಬೆರಳಿಗೆ ಬ್ರೇಕು ಎಟುಕದಿದ್ದರೆ ಅದನ್ನು ಹತ್ತಿರ ತರುವ ತಿರುಪು ಬಹುತೇಕ ಒಳ್ಳೆಯ ಸೈಕಲ್ಲುಗಳಲ್ಲಿ ಇರುತ್ತದೆ. ಕ್ರ್ಯಾಂಕಿನ ಉದ್ದವನ್ನೂ ಗಮನಿಸುವುದು ಒಳ್ಳೆಯದು. ಬೆಳೆದವರಿಗೆ ರೂಢಿಯಲ್ಲಿರುವ 170 ಮಿಲಿಮೀಟರಿನ ಕ್ರ್ಯಾಂಕು ಚಿಕ್ಕವರ ಮೊಣಕಾಲನ್ನು ಎದೆಯವರೆಗೆ ಎತ್ತಿಸಿ ಬೇಗನೆ ದಣಿಸುತ್ತದೆ. ಹೊಸ ಸೈಕಲ್ಲಿನ ಬೆಲೆ ಭಾರವೆನಿಸಿದರೆ ಬಂಧುಬಳಗದಲ್ಲಿ ಬೆಳೆದ ಮಕ್ಕಳು ಬಿಟ್ಟ, ಅಳತೆಗೆ ಸರಿಯಾದ ಹಳೆಯ ಸೈಕಲ್ಲು ಅಳತೆ ತಪ್ಪಿದ ಹೊಸದಕ್ಕಿಂತ ನೂರು ಪಾಲು ಮೇಲು.

ಎತ್ತರದ ಮಕ್ಕಳ ತಂದೆ-ತಾಯಿಗಳೂ ಈ ಮಾತುಗಳಿಂದ ಹೊರತಾದವರಲ್ಲ. ಬೇಗನೆ ಬೆಳೆದ ಹುಡುಗ ಚಿಕ್ಕ ಚೌಕಟ್ಟಿನ ಮೇಲೆ ಗೂನಾಗಿ ಕುಳಿತು, ಸೀಟಿನ ಕಂಬವನ್ನು ಗುರುತಿನ ಗೆರೆ ಮೀರಿ ಎಳೆದುಕೊಂಡು ಇಳಿಜಾರಿಗೆ ಹೊರಟರೆ ಅಪಾಯ ಗಿಡ್ಡನಿಗಿಂತ ಅವನಿಗೇ ಹೆಚ್ಚು. ಅವನ ಭಾರಕೇಂದ್ರ ಮೇಲಿದೆ. ಕೆಳಗಿನ ಆಸರೆ ಚಿಕ್ಕದಾಗಿದೆ. ಕಂಬ ಮುರಿದರೆ ಕೇಳುವಂತೆಯೇ ಇಲ್ಲ.

ಹುಟ್ಟುಹಬ್ಬ ಬಂದಾಗ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲ್ಲಿನಿಂದ ಎತ್ತರದ ಗೆರೆ ಎಳೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಗೆರೆ ಮೇಲಕ್ಕೇರಿದಂತೆ ಅಜ್ಜಿಯ ಮುಖ ಅರಳುತ್ತದೆ. ಆ ಗೆರೆಯನ್ನು ಎಳೆದ ದಿನವೇ ಅಂಗಳದಲ್ಲಿ ನಿಂತ ಸೈಕಲ್ಲಿನ ಸೀಟಿನ ತಿರುಪನ್ನು ಸಡಿಲಿಸಿ, ಹೊಸ ಅಳತೆಗೆ ಏರಿಸಿ, ಮತ್ತೆ ಬಿಗಿಗೊಳಿಸುವ ಪದ್ಧತಿಯೂ ಬಂದರೆ ಒಳ್ಳೆಯದು. ಒಂದು ಸ್ಪ್ಯಾನರ್, ಐದು ನಿಮಿಷ; ಅಷ್ಟೇ ಅದರ ಖರ್ಚು.